ಆರು ವರ್ಷದ ಕೈಗಳಿಗೆ ಒಂದು ತಟ್ಟೆ ರಾಗಿ: ದೇಣಿಗೆ ಮನವಿ

ಆತ್ಮೀಯರೇ,

ಓದಲು ಕಷ್ಟಪಡುವ ಪುಟ್ಟ ಮಕ್ಕಳಿಗೆ ಶಾಲೆ ಬಿಟ್ಟ ಮೇಲೆ ಕನ್ನಡ ಓದು ಕಲಿಸುವವರು ನಾವು. ಬೆಂಗಳೂರಿನ ಶ್ರೀರಾಂಪುರದ ಎರಡನೇ ಕ್ಲಾಸಿನ ಹುಡುಗಿಯೊಬ್ಬಳು ಪಾಠದ ಇಡೀ ಪುಟವನ್ನು ನಮ್ಮ ಮುಂದೆ ಪಟಪಟ ಓದಿದಳು. ಆಮೇಲೆ ಟೀಚರ್ ಅದೇ ಪುಟದ 'ಹಣ್ಣು' ಎಂಬ ಪದವನ್ನು ಚೀಟಿಯಲ್ಲಿ ಬರೆದು ತೋರಿಸಿದರು. 'ಹ...' ಅಂದಳು. ಬೆರಳು ಒತ್ತಿನ ಹತ್ತಿರ ನಿಂತೇಬಿಟ್ಟಿತು. ಪುಟವೆಲ್ಲ ಬಾಯಿಪಾಠವಾಗಿತ್ತು, ಅಷ್ಟೇ.

'ದಡ್ಡಿ ಅಂದ್ಕೊಂಡಿದ್ವಿ' ಎಂದು ಅವಳ ಅಮ್ಮ ಕಣ್ಣೊರೆಸಿಕೊಂಡರು. ಅಂಗಡಿಯ ಚಿಲ್ಲರೆ ಲೆಕ್ಕ ಒಂದು ರೂಪಾಯಿ ತಪ್ಪದ ಮಗು ಅದು. ಓದಿನ ಇಂಥ ತೊಡಕಿಗೆ ಡಿಸ್ಲೆಕ್ಸಿಯಾ ಎಂಬ ಹೆಸರಿದೆ. ಹಾಗಂದರೆ ಬುದ್ಧಿ ಕಡಿಮೆ ಅಂತಲ್ಲ, ಕಣ್ಣಿನ ತೊಂದರೆಯೂ ಅಲ್ಲ. ಮಾತಿನ ಸದ್ದನ್ನು ಬಿಡಿಸಿ ಅಕ್ಷರಕ್ಕೆ ಹೊಂದಿಸುವುದು ಅಂಥ ಮಕ್ಕಳಿಗೆ ಕಷ್ಟ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲೂ ಕಲಿಕೆಯ ಈ ತೊಡಕಿಗೆ ಜಾಗವಿದೆ.

ಕನ್ನಡ ಬರೆದ ಹಾಗೇ ಓದುವ ಭಾಷೆ, ಸುಲಭ ಅಂತೀವಿ ಅಲ್ವಾ? ಮಗುವಿನ ಪಕ್ಕ ಕೂತು ನೋಡಿ. ವರ್ಣಮಾಲೆಯಲ್ಲಿ 49 ಅಕ್ಷರ. ಕಾಗುಣಿತ ಸೇರಿದರೆ 400 ದಾಟುತ್ತದೆ, ಒತ್ತಕ್ಷರ ಬೇರೆ. 'ಮ' ಮತ್ತು 'ವು' ಎಷ್ಟು ಹತ್ತಿರ! 'ಸೂರ್ಯ'ದ ಅರ್ಕಾವೊತ್ತು ಕಣ್ಣಿಗೆ ಕೊನೆಯಲ್ಲಿ ಬೀಳುತ್ತದೆ, ಬಾಯಲ್ಲಿ ಮಾತ್ರ 'ಯ'ಗಿಂತ ಮೊದಲು ಬರಬೇಕು. ನಮ್ಮ ಬೆಂಗಳೂರಲ್ಲಿ ಎಷ್ಟೋ ಮಕ್ಕಳಿಗೆ ಮನೆಯಲ್ಲಿ ತಮಿಳು, ತೆಲುಗು ಇಲ್ಲವೇ ಉರ್ದು. ಹಿಂದೆ ಬಿದ್ದವರಿಗೆಲ್ಲ ಡಿಸ್ಲೆಕ್ಸಿಯಾ ಇರುವುದಿಲ್ಲ. ಆದರೆ ತೊಡಕು ಇಂಥದ್ದೇ ಅಂತ ಹೆಸರಿಡುವವರೆಗೆ ಕಾಯುವುದು ಬೇಡ. ಪದವನ್ನು ಚಪ್ಪಾಳೆ ತಟ್ಟಿ ಬಿಡಿಸಲು ಆಗದ, ಪ್ರಾಸ ಹಿಡಿಯದ ಮಗುವಿಗೆ ಒಂದನೇ ಕ್ಲಾಸಿನಲ್ಲೇ ಕೈ ಹಿಡಿದು ಕಲಿಸಬೇಕು. ನಾಲ್ಕನೇ ಕ್ಲಾಸಿಗೆ ಬರುವಷ್ಟರಲ್ಲಿ ಗಣಿತದ ಲೆಕ್ಕವನ್ನೂ ಓದಿಯೇ ಬಿಡಿಸಬೇಕಾಗುತ್ತದೆ.

ನಾವು ಮಾಡುವುದು ಇಷ್ಟೇ. ಶಾಲೆ ಬಿಟ್ಟ ಮೇಲೆ ಮೂರ್ನಾಲ್ಕು ಮಕ್ಕಳನ್ನು ಕೂರಿಸಿಕೊಳ್ಳುತ್ತೇವೆ. ಸದ್ದು ಕೇಳಿಸುತ್ತೇವೆ. ತಟ್ಟೆಯಲ್ಲಿ ಹರಡಿದ ರಾಗಿಯಲ್ಲಿ ಮಗು ಅದೇ ಸದ್ದನ್ನು ಬಾಯಿಬಿಟ್ಟು ಹೇಳುತ್ತಾ ಅಕ್ಷರ ತಿದ್ದುತ್ತದೆ. ಒಂದು ಗಟ್ಟಿಯಾದ ಮೇಲೆ ಇನ್ನೊಂದು. ನಿಧಾನದ ಕೆಲಸ, ದಿನ ತಪ್ಪಿಸಬಾರದ ಕೆಲಸ. ಆ ಹುಡುಗಿ ಈಗ 'ಹಣ್ಣು' ಓದುತ್ತಾಳೆ. 'ಸೂರ್ಯ' ಇನ್ನೂ ಆಗಿಲ್ಲ.

ರಾಗಿಗೆ ಜಾಸ್ತಿ ದುಡ್ಡು ಬೇಡ. ಟೀಚರ್‌ಗಳ ಸಂಬಳಕ್ಕೆ ಬೇಕು. ತರಬೇತಿ ಪಡೆದವರು ತಿಂಗಳುಗಟ್ಟಲೆ ಅದೇ ಮಕ್ಕಳ ಜೊತೆ ಇರಬೇಕು, ಅವರನ್ನು ಸುಮ್ನೆ ದುಡಿಸಿಕೊಳ್ಳುವುದು ನ್ಯಾಯವಲ್ಲ. ನೀವು ಕೊಡುವುದು 500 ರೂಪಾಯಿ ಇರಲಿ, 5000 ಇರಲಿ, ರಸೀದಿ ಕಳಿಸುತ್ತೇವೆ. ಪ್ರತಿ ತಿಂಗಳು ಸ್ವಲ್ಪ ಸ್ವಲ್ಪ ಕೊಟ್ಟರೆ ನಮಗೆ ಇನ್ನೂ ಅನುಕೂಲ. ದುಡ್ಡು ಆಗದಿದ್ದರೆ ಒಂದು ಸಂಜೆ ಬಂದು ಮಕ್ಕಳಿಗೆ ಕಥೆ ಓದಿ ಹೇಳಿ.

ಜೂನ್‌ಗೆ ಹೊಸ ಮಕ್ಕಳು ಬರುತ್ತಾರೆ. ಅಷ್ಟರೊಳಗೆ ಇನ್ನಿಬ್ಬರು ಟೀಚರ್‌ಗಳನ್ನು ಗೊತ್ತುಮಾಡಬೇಕು.