ಮೆಡಿಕಲ್ ಶಾಪಿನ ಕ್ಯೂನಲ್ಲಿ ನನ್ನ ಹಿಂದೆ ನಿಂತಿದ್ದ ಅಕ್ಕನಿಗೆ

2021ರ ಮೇ ತಿಂಗಳು. ಅಪ್ಪ ಕೋವಿಡ್ ಮುಗಿಸಿ ಮನೆಗೆ ಬಂದು ಹತ್ತು ದಿನವಾಗಿತ್ತು. ಎಡಗಣ್ಣಿನ ರೆಪ್ಪೆ ಊದಿಕೊಂಡು ಅರ್ಧ ಜೋತುಬಿದ್ದಿತ್ತು. ಧೂಳು ಬಿದ್ದಿರಬೇಕು ಅಂದುಕೊಂಡು ಕಣ್ಣಿನ ಡ್ರಾಪ್ಸ್ ತರಲು ಹೋಗಿದ್ದೆ.

ನಾನು ಅಂಗಡಿಯವರಿಗೆ ಹೇಳುತ್ತಿದ್ದದ್ದು ನಿಮ್ಮ ಕಿವಿಗೆ ಬಿತ್ತು. "ಶುಗರ್ ಇದೆಯಾ? ಆಸ್ಪತ್ರೇಲಿ ಸ್ಟೀರಾಯ್ಡ್ ಕೊಟ್ಟಿದ್ರಾ? ಅದೇ ಕಡೆ ಕೆನ್ನೆ ನೋವು ಅಂತಾರಾ?" ಮೂರಕ್ಕೂ ಹೌದು ಅಂದೆ. "ಡ್ರಾಪ್ಸ್ ಬೇಡಪ್ಪ. ಇವತ್ತೇ ದೊಡ್ಡಾಸ್ಪತ್ರೆಗೆ ಕರ್ಕೊಂಡ್ಹೋಗು, ನಾಳೆ ಅನ್ಬೇಡ" ಎಂದಿರಿ. ನರ್ಸ್ ಇರಬೇಕು ನೀವು. ಮಾಸ್ಕಿನ ದಾರ ಉಜ್ಜಿ ಕಿವಿಯ ಹಿಂದೆ ಕೆಂಪು ಗೆರೆ ಬಿದ್ದಿತ್ತು.

ಅದು ಮ್ಯೂಕರ್‌ಮೈಕೋಸಿಸ್, ಜನ ಕಪ್ಪು ಶಿಲೀಂಧ್ರ ಅಂತ ಕರೆದದ್ದು. ಮಣ್ಣಲ್ಲಿ, ಗಾಳಿಯಲ್ಲಿ ಸದಾ ಇರುವ ಬೂಷ್ಟೇ. ಆರೋಗ್ಯವಂತರಿಗೆ ಸಾಮಾನ್ಯವಾಗಿ ಏನೂ ಮಾಡದು. ಆದರೆ ಏರಿದ ಸಕ್ಕರೆ, ಸ್ಟೀರಾಯ್ಡ್ ಸೇರಿ ಬಿಳಿರಕ್ತಕಣಗಳು ಸೋತಾಗ ಮೂಗಿನಿಂದ ಸೈನಸ್, ಅಲ್ಲಿಂದ ಕಣ್ಣಿನ ಗೂಡು, ಕೊನೆಗೆ ಮಿದುಳು. ರಕ್ತನಾಳಗಳನ್ನೇ ಮುಚ್ಚುವುದರಿಂದ ಮಾಂಸ ಸತ್ತು ಕಪ್ಪಾಗುತ್ತದೆ. ಅಪ್ಪನಿಗೆ ಆ ರಾತ್ರಿಯೇ ಮೂಗಿನೊಳಗಿಂದ ಮಾದರಿ ತೆಗೆದರು. ಮರುದಿನ ಸೈನಸ್ ಆಪರೇಷನ್, ಆಮೇಲೆ ವಾರಗಟ್ಟಲೆ ಶಿಲೀಂಧ್ರ ಕೊಲ್ಲುವ ಔಷಧಿ ಆಂಫೊಟೆರಿಸಿನ್‌ನ ಡ್ರಿಪ್. ಆ ಇಂಜೆಕ್ಷನ್ ಎಲ್ಲೂ ಸಿಗದ ದಿನಗಳವು, ಅದರ ಕಥೆ ಬೇರೆ.

ಕಣ್ಣು ಉಳಿಯಿತು ಅಕ್ಕಾ. ಪಕ್ಕದ ಹಾಸಿಗೆಯವರು ತಡವಾಗಿ ಬಂದಿದ್ದರು, ಅವರ ಕಣ್ಣುಗುಡ್ಡೆ ತೆಗೆಯಬೇಕಾಯಿತು. ನಿಮ್ಮ ಹೆಸರು ಕೇಳಲಿಲ್ಲ, ಓಡಿಬಿಟ್ಟೆ. ಅಪ್ಪ ಈಗಲೂ ಬೆಳಗ್ಗೆ ಜಗಲಿಯಲ್ಲಿ ಕೂತು ಪೇಪರ್ ಓದುತ್ತಾರೆ, ಎರಡೂ ಕಣ್ಣಲ್ಲಿ.