ಬೋರ್ಡೋ ಹೊಡೆದರೆ ಕೊಳೆ ಬರಲ್ಲ ಅಂತ ಹೇಗೆ ಗೊತ್ತು?

ಪ್ರೀತಿಯ ಗೆಳೆಯ,

ರಿಸರ್ಚ್ ಮೆಥಡಾಲಜಿ ಅಂತ ಅಷ್ಟು ದಿನ ಏನು ಕಲಿಸ್ತಾರೋ ಮಾರಾಯ, ಗೊತ್ತಿರೋದನ್ನೇ ಅರ್ಥ ಆಗದ ಹಾಗೆ ಹೇಳೋದು ತಾನೇ ಅಂತ ಮೊನ್ನೆ ಫೋನಿನಲ್ಲಿ ನಕ್ಕೆಯಲ್ಲ, ಅದಕ್ಕೇ ಈ ಪತ್ರ. ಅರ್ಧ ನಿನ್ನ ಮಾತು ಸರಿ. ಶುರುವಿನಲ್ಲಿ ಬೋರ್ಡಿನ ತುಂಬ ಆಂಟಾಲಜಿ, ಎಪಿಸ್ಟೆಮಾಲಜಿ, ಪಾಸಿಟಿವಿಸಂ. ಎಲ್ಲರೂ ಬರೆದುಕೊಂಡೆವು, ಯಾರ ತಲೆಗೂ ಹತ್ತಲಿಲ್ಲ. ಆಮೇಲೆ ಒಂದು ದಿನ ಮೇಡಂ ಡಸ್ಟರ್ ಕೆಳಗಿಟ್ಟು, ನಿಮ್ಮ ಮನೆಯಲ್ಲಿ ಎಲ್ಲರೂ ಖಂಡಿತ ಅಂತ ನಂಬಿರುವ ಒಂದು ವಿಷಯ ಹೇಳಿ ಅಂದರು. ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ದ್ರಾವಣ ಹೊಡೆದರೆ ಅಡಿಕೆಗೆ ಕೊಳೆ, ಅಂದರೆ ಮಳೆಗಾಲದಲ್ಲಿ ಕಾಯಿ ಕೊಳೆತು ಉದುರುವ ರೋಗ, ಬರಲ್ಲ ಅಂತ ನಾನು ಹೇಳಿದೆ. ಹೇಗೆ ಗೊತ್ತು ಅಂದರು. ಅಪ್ಪ ಪ್ರತಿ ವರ್ಷ ಹೊಡೆಸುತ್ತಾರೆ, ಕೊಳೆ ಕಡಿಮೆ ಅಂದೆ. "ಹೊಡೆಸದೇ ಇದ್ದಿದ್ದರೆ ಎಷ್ಟು ಬರುತ್ತಿತ್ತು?"

ಅಲ್ಲಿಂದ ಕ್ಲಾಸು ರುಚಿ ಹತ್ತಿತು ನೋಡು. ನಮ್ಮ ತೋಟಕ್ಕೆ ಹೊಡೆಸದ ವರ್ಷವೇ ಇಲ್ಲ. ಆಚೆಮನೆಯವರು ಒಂದು ಸಲ ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರ ಸಿಗದೆ ಬಿಟ್ಟಿದ್ದರು, ಆ ವರ್ಷ ಅವರಿಗೆ ಕೊಳೆ ಬಂತು, ನಿಜ. ಆದರೆ ಅವರದು ಹಳ್ಳದ ಬದಿಯ ತೋಟ, ಬಿಸಿಲು ಇಳಿಯುವುದೇ ಮಧ್ಯಾಹ್ನದ ಮೇಲೆ, ಬಸಿಗಾಲುವೆ ಬೇರೆ ಮುಚ್ಚಿಹೋಗಿದೆ. ಕೊಳೆ ಬಂದದ್ದು ಔಷಧಿ ಇಲ್ಲದ್ದಕ್ಕೋ, ತೇವಕ್ಕೋ? ಬಿಡಿಸಿ ನೋಡಬೇಕು ಅಂದರೆ ಒಂದೇ ತೋಟದಲ್ಲಿ ಕೆಲವು ಮರಕ್ಕೆ ಹೊಡೆದು ಕೆಲವನ್ನು ಬಿಡಬೇಕು. ಯಾವ ಮರ ಅನ್ನುವುದನ್ನು ಚೀಟಿ ಎತ್ತಿ ತೀರ್ಮಾನಿಸಬೇಕು, ಯಾಕೆಂದರೆ ನಾವೇ ಆರಿಸಿದರೆ ನಮಗೇ ತಿಳಿಯದ ಹಾಗೆ ಒಳ್ಳೆ ಮರಕ್ಕೆ ಔಷಧಿ ಹೋಗಿ ಬಡಕಲು ಮರ ಉಳಿದುಬಿಡುತ್ತದೆ. ಈ ಚೀಟಿ ಎತ್ತುವ ಉಪಾಯವನ್ನು ಗಟ್ಟಿಯಾಗಿ ನಿಲ್ಲಿಸಿದವರು ಇಂಗ್ಲೆಂಡಿನ ರೊಥಾಮ್‌ಸ್ಟೆಡ್ ಕೃಷಿ ಕೇಂದ್ರದಲ್ಲಿ ಕೆಲಸ ಮಾಡಿದ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್, 1935ರಲ್ಲಿ ಪ್ರಯೋಗಗಳ ಬಗ್ಗೆ ಒಂದು ಪುಸ್ತಕವನ್ನೇ ತಂದರು. ಇವತ್ತು ಹೊಸ ಔಷಧಿಯನ್ನು ರೋಗಿಗಳ ಮೇಲೆ ಪರೀಕ್ಷೆ ಮಾಡುವಾಗಲೂ ಅದೇ ಉಪಾಯ.

ಅಪ್ಪನಿಗೆ ಹೇಳಿದೆ. "ಬಿಟ್ಟ ಮರದ ಅಡಿಕೆ ದುಡ್ಡು ನಿಮ್ಮ ಯೂನಿವರ್ಸಿಟಿ ಕೊಡುತ್ತಾ?" ಅಂದರು. ನಗಬೇಡ, ಸಂಶೋಧನೆಯ ನೀತಿ ಅಂತ ನಮಗಿರುವ ಪಾಠದ ಮುಕ್ಕಾಲು ಭಾಗ ಆ ಒಂದು ಪ್ರಶ್ನೆಯಲ್ಲಿದೆ. ತಿಳಿವಳಿಕೆ ನನಗೆ, ನಷ್ಟ ಅವರಿಗೆ. ಅದೂ ಅಲ್ಲದೆ ಬಿಟ್ಟ ಮರದ ಕೊಳೆ ಪಕ್ಕದ ಮರಕ್ಕೆ ಹಾರಿದರೆ ನನ್ನ ಲೆಕ್ಕವೂ ಕೆಟ್ಟಿತು.

ಬೋರ್ಡೋ ಹುಟ್ಟಿದ ಕಥೆ ಗೊತ್ತಾ? ಫ್ರಾನ್ಸಿನಲ್ಲಿ ದಾರಿಹೋಕರು ದ್ರಾಕ್ಷಿ ಕದಿಯದಿರಲಿ ಅಂತ ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತ, ಸುಣ್ಣ ಕಲಸಿ ಎರಚುತ್ತಿದ್ದರಂತೆ. ನೋಡಿದವರು ವಿಷ ಅಂತ ಹೆದರಲಿ ಅಂತ. ಆ ಬಳ್ಳಿಗಳಿಗೆ ರೋಗ ಬಂದಿಲ್ಲ ಅನ್ನುವುದು ಮಿಲಾರ್ಡೆ ಎಂಬ ಸಸ್ಯವಿಜ್ಞಾನಿಯ ಕಣ್ಣಿಗೆ ಬಿದ್ದದ್ದು 1882ರಲ್ಲಿ. ಅವರು ಅದನ್ನು ಪ್ರಕಟಿಸಿದ್ದು 1885ರಲ್ಲಿ. ಕಥೆ ಹೇಳುವವರು ಕಳ್ಳರ ಭಾಗವನ್ನೇ ಹೇಳುತ್ತಾರೆ, ನನಗೆ ಈಗ ಆ ನಡುವಿನ ವರ್ಷಗಳೇ ಮುಖ್ಯ ಅನ್ನಿಸುತ್ತದೆ. ಕಂಡಿದ್ದು ನಿಜವಾ ಅಂತ ಮತ್ತೆ ಮತ್ತೆ ಹೊಡೆದು ನೋಡಿದ ವರ್ಷಗಳು ಅವು. ನಮ್ಮ ಕಡೆ ಕೊಳೆರೋಗದ ಬೆನ್ನು ಹತ್ತಿದ್ದು ಕೆನಡಾದಿಂದ ಮೈಸೂರು ಸಂಸ್ಥಾನಕ್ಕೆ ಬಂದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್. 1910ರಲ್ಲೇ ಅದರ ಬಗ್ಗೆ ವರದಿ ಬರೆದಿದ್ದರು.

ಇನ್ನೊಂದು. ಕೊನೆಗಾರ ದ್ರಾವಣಕ್ಕೆ ಕತ್ತಿ ಅದ್ದಿ ನೋಡುತ್ತಾನಲ್ಲ, ಕತ್ತಿಗೆ ಕೆಂಪಗೆ ತಾಮ್ರ ಕಟ್ಟಿದರೆ ಸುಣ್ಣ ಸಾಲದು ಅಂತ ಇನ್ನಷ್ಟು ಸೇರಿಸುತ್ತಾನೆ. ವಿಜ್ಞಾನ ಅಂದರೆ ಏನು ಅಂತ ಯೋಚಿಸಿದ ತತ್ವಜ್ಞಾನಿ ಕಾರ್ಲ್ ಪಾಪ್ಪರ್ 1934ರಲ್ಲಿ ಹೇಳಿದ್ದು ನನಗೆ ಅರ್ಥವಾದದ್ದು ಈ ಕತ್ತಿಯಿಂದ. ಒಂದು ಮಾತು ತಪ್ಪು ಅಂತ ತೋರಿಸಲು ದಾರಿಯೇ ಇಲ್ಲದಿದ್ದರೆ ಅದು ವಿಜ್ಞಾನದ ಮಾತಲ್ಲ ಅನ್ನುತ್ತಾರೆ ಅವರು. ಕತ್ತಿಗೆ "ಇಲ್ಲ, ಸರಿಯಾಗಿಲ್ಲ" ಅನ್ನಲು ಬರುತ್ತದೆ. ಅಪ್ಪನ ಲೆಕ್ಕ ನೋಡು: ಕೊಳೆ ಬರಲಿಲ್ವಾ, ಔಷಧಿ ಕೆಲಸ ಮಾಡಿತು. ಬಂತಾ, ಈ ವರ್ಷ ಮಳೆ ಜಾಸ್ತಿ. ಏನಾದರೂ ಅಪ್ಪನೇ ಗೆಲ್ಲುತ್ತಾರೆ. ಔಷಧಿ ಕೆಲಸ ಮಾಡುತ್ತದೆ ಅನ್ನುವುದು ನಿಜವೇ ಇರಬಹುದು, ಆದರೆ ಅಪ್ಪನಿಗೆ ಅದು ಗೊತ್ತಾದ ದಾರಿ ಇದಲ್ಲ.

ಹಾಗಂತ ಹಳ್ಳಿಯವರ ತಿಳಿವಳಿಕೆ ಅಂದರೆ ಮೂಗು ಮುರಿಯುವವರನ್ನು ಕಂಡರೆ ನನಗೆ ಸಿಟ್ಟು. ಹಿರಿಯರಿಗೆ ಎಲ್ಲಾ ಮೊದಲೇ ಗೊತ್ತಿತ್ತು ಅನ್ನುವವರನ್ನು ಕಂಡರೂ ಅಷ್ಟೇ. ಮಂಗನ ಕಾಯಿಲೆ ತಗೋ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತವು, ಸುತ್ತಲ ಊರುಗಳಲ್ಲಿ ಜ್ವರ ಎದ್ದಿತು. ಎರಡಕ್ಕೂ ನಂಟಿದೆ ಅಂತ ಜನ ಕಂಡಿದ್ದು ಸರಿಯಾಗಿತ್ತು. ಹೊರಗಿಂದ ಬಂದ ವಿಜ್ಞಾನಿಗಳ ಮೊದಲ ಅನುಮಾನ ಹಳದಿ ಜ್ವರದ ಮೇಲೆ, ಮಂಗ ಸಾಯುವುದು ಅದರಲ್ಲೂ ಇದೆಯಲ್ಲ. ಅದು ಸುಳ್ಳಾಯಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರಿಗೆ ಸಿಕ್ಕಿದ್ದು ಹೊಸ ವೈರಸ್, ರಷ್ಯಾದ ಕಡೆಯ ಒಂದು ಮೆದುಳು ಜ್ವರದ ವೈರಸ್ಸಿಗೆ ಹತ್ತಿರದ್ದು. ಹಾಗಾದರೆ ವಲಸೆ ಹಕ್ಕಿಗಳು ಹೊತ್ತು ತಂದವಾ ಅಂತ ಹಕ್ಕಿಗಳ ಕಾಲಿಗೆ ಉಂಗುರ ಹಾಕಿಯೂ ಹುಡುಕಿದರು. ಕೊನೆಗೆ ಜನರಿಗೆ ಕಾಯಿಲೆ ದಾಟಿಸುವುದು ಮೈಗೆ ಕಚ್ಚಿಕೊಂಡು ರಕ್ತ ಹೀರುವ ಉಣುಗು ಅಂತಾಯಿತು. ಮಂಗವೂ ನಮ್ಮ ಹಾಗೆಯೇ ಕಾಯಿಲೆ ಬಿದ್ದದ್ದು, ಪಾಪ, ಹೆಸರು ಮಾತ್ರ ಅದಕ್ಕೆ ಅಂಟಿತು. ಆದರೂ ಮಂಗ ಸತ್ತರೆ ಎಚ್ಚರ ಅನ್ನುವ ಊರಿನ ಲೆಕ್ಕವನ್ನು ಇವತ್ತಿಗೂ ಆರೋಗ್ಯ ಇಲಾಖೆ ಬಿಟ್ಟಿಲ್ಲ. ಕಂಡದ್ದು ಗಟ್ಟಿ, ಕಾರಣ ಬೇರೆ.

(ಬೆಟ್ಟದಲ್ಲಿ ಹೊಗೆ ಕಂಡರೆ ಬೆಂಕಿ ಇದೆ ಅಂತ ತರ್ಕದವರ ಹಳೇ ಉದಾಹರಣೆ ಇದೆಯಲ್ಲ, ಆಗುಂಬೆ ಕಡೆಯ ಒಬ್ಬಳು ಕ್ಲಾಸಿನಲ್ಲಿ ಎದ್ದು "ಮೊದಲು ಅದು ಹೊಗೆಯೋ ಮಂಜೋ ನೋಡಿ ಸರ್" ಅಂದಳು. ನೈಯಾಯಿಕರಿಗೂ, ಅಂದರೆ ನಮ್ಮ ಹಳೇ ತರ್ಕ ಪಂಡಿತರಿಗೂ, ಈ ತಕರಾರು ಗೊತ್ತಿತ್ತಂತೆ.)

ಈಗ ನನ್ನ ಕೆಲಸಕ್ಕೆ ಬರುತ್ತೇನೆ. ಬೆಳೆಗಾರರಿಗೆ ಮಳೆ ನೆನಪಿರುವುದು ಹೇಗೆ, ಆ ನೆನಪಿನ ಮೇಲೆ ಔಷಧಿ ಹೊಡೆಸುವ ದಿನ ಹೇಗೆ ನಿಂತಿದೆ ಅನ್ನುವುದು ನನ್ನ ವಿಷಯ. ಪ್ರಶ್ನೆ ಕೇಳುವುದೇ ದೊಡ್ಡ ಕಷ್ಟ. "ಈಚೆಗೆ ಮಳೆ ಹದ ತಪ್ಪಿದೆ ಅಲ್ವಾ?" ಅಂದರೆ ಎಲ್ಲರೂ ಹೌದು ಹೌದು ಅಂತಾರೆ, ಕಾಫಿ ಕೊಡ್ತಾರೆ. "ಹೋದ ವರ್ಷ ಆರಿದ್ರಾ ಮಳೆ ಹೇಗಿತ್ತು?" ಅಂತ ಕೇಳಿ ಬಾಯಿ ಮುಚ್ಚಿ ಕೂತರೆ ಅಣ್ಣ ಒಂದು ಹೇಳ್ತಾನೆ, ತಮ್ಮ ಇನ್ನೊಂದು. ಇಬ್ಬರದ್ದೂ ಬರೆದುಕೊಳ್ಳುತ್ತೇನೆ.

ನೆನಪಿನ ಪಕ್ಕ ಇಡಲು ಬರೆದಿಟ್ಟ ಲೆಕ್ಕ ಬೇಕು. ನಿಮ್ಮ ಅಜ್ಜ ದಿನಾ ಬೆಳಿಗ್ಗೆ ಮಳೆ ಅಳೆದು ಡೈರಿಯಲ್ಲಿ ಬರೆಯುತ್ತಿದ್ದರಲ್ಲ, ಆ ಡೈರಿಗಳು ಅಟ್ಟದ ಮೇಲೆ ಇನ್ನೂ ಇದ್ದರೆ ಹಬ್ಬಕ್ಕೆ ಊರಿಗೆ ಹೋದಾಗ ಫೋಟೋ ತೆಗೆದು ಕಳಿಸು. ಒಪ್ಪಿಗೆ ಪತ್ರಕ್ಕೆ ನಿಮ್ಮಪ್ಪನ ಸಹಿ ಬೇಕು, ನಗಾಡಿದರೂ ಪರವಾಗಿಲ್ಲ, ಹಾಕಿಸಿಕೋ. ಹಾಗೇ ಆ ಮಳೆ ಮಾಪಕ ಇಟ್ಟಿದ್ದು ಅಂಗಳದ ಬಯಲಿನಲ್ಲೋ ಹಲಸಿನ ಮರದ ಕೆಳಗೋ ಅಂತ ಅಜ್ಜಿಯನ್ನೂ ಅಪ್ಪನನ್ನೂ ಬೇರೆ ಬೇರೆಯಾಗಿ ಕೇಳು.

ನಿನ್ನ ಗೆಳೆಯ,
ಶಿವಮೊಗ್ಗದಿಂದ