ಎಂಟು ವಾರ ಅಂದರೆ ಎಂಟು ವಾರ, ಅಮ್ಮ

ಪರ್ತ್, ಭಾನುವಾರ ರಾತ್ರಿ

ಪ್ರೀತಿಯ ಅಮ್ಮನಿಗೆ,

ನಿನ್ನೆ ಫೋನಿನಲ್ಲಿ ನೀನು "ಐದು ದಿನ ಮಾತ್ರೆ ತಿಂದೆ, ಉರಿ ಹಾಗೇ ಉಂಟು, ನಾಳೆಯಿಂದ ಬಿಡ್ತೇನೆ" ಅಂದೆಯಲ್ಲ, ಆಮೇಲೆ ನನಗೆ ನಿದ್ದೆ ಬರಲಿಲ್ಲ. ಫೋನಿನಲ್ಲಿ ಹೇಳಹೊರಟರೆ ನಡುವೆ ಒಲೆ ನೋಡಲು ಎದ್ದು ಹೋಗ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಡಾಕ್ಟರ್ ಎಂಟು ವಾರಕ್ಕೆ ಬರೆದುಕೊಟ್ಟ ಆಸಿಡ್ ಮಾತ್ರೆ ಬಿಡಬೇಡ ಅಮ್ಮ.

ಎಂಡೋಸ್ಕೋಪಿ ರಿಪೋರ್ಟ್ ತಮ್ಮ ಕಳಿಸಿದ್ದ. ಹೊಟ್ಟೆಯ ಒಳಪದರ ಕೆಂಪಾಗಿ ಊದಿಕೊಂಡಿದೆ, ಅಲ್ಲಲ್ಲಿ ಸವೆದಿದೆ. ಅಲ್ಲಿ ಆಸಿಡ್ ಬಿಡುವ ಸಣ್ಣ ಸಣ್ಣ ಪಂಪುಗಳಿವೆ, ಡಾಕ್ಟರುಗಳೂ ಅದಕ್ಕೆ ಪ್ರೋಟಾನ್ ಪಂಪ್ ಅಂತಲೇ ಹೇಳುವುದು. ನಿನ್ನ ಪ್ಯಾಂಟೊಪ್ರಜೋಲ್ ಚಾಲೂ ಇರುವ ಪಂಪನ್ನು ಮಾತ್ರ ಬಂದ್ ಮಾಡುತ್ತದೆ, ಹೊಟ್ಟೆಗೆ ಏನಾದರೂ ಬಿದ್ದಾಗಲೇ ಅವು ಹೆಚ್ಚಾಗಿ ಚಾಲೂ ಆಗುವುದು. ಅದಕ್ಕೇ ತಿಂಡಿಗೆ ಅರ್ಧ ಗಂಟೆ ಮೊದಲು, ಖಾಲಿ ಹೊಟ್ಟೆಗೆ. ಚಾ ಕುಡಿದು, ನೀರ್‌ದೋಸೆ ತಿಂದು, ಹತ್ತು ಗಂಟೆಗೆ ನೆನಪಾದಾಗ ನುಂಗಿದರೆ ಅದರ ಕೆಲಸ ಸರಿಯಾಗಿ ಆಗುವುದಿಲ್ಲ. ಜಗಿಯಲೂಬಾರದು. ದಿನಾ ಹೊಸ ಪಂಪು ಹುಟ್ಟುತ್ತಲೇ ಇರುವುದರಿಂದ ಪೂರ್ತಿ ಹಿಡಿತಕ್ಕೆ ಬರಲು 3-4 ದಿನ ಬೇಕು. ನೀನು ಬಿಡಲು ಹೊರಟದ್ದು ಸರಿಯಾಗಿ ಆ ಹೊತ್ತಿಗೆ!

ಆ ಗುಲಾಬಿ ಬಣ್ಣದ ಸಿರಪ್ ಕುಡಿದರೆ ಕೆಲವೇ ನಿಮಿಷದಲ್ಲಿ ಹಾಯೆನಿಸುತ್ತದೆ, ಅಲ್ವಾ? ಅದು ಹೊಟ್ಟೆಯಲ್ಲಿ ಇರುವ ಆಸಿಡ್ಡನ್ನು ತಣಿಸುತ್ತದೆ, ಒಂದೆರಡು ಗಂಟೆಗೆ ಅದರ ಆಟ ಮುಗಿಯಿತು. ಮಾತ್ರೆ ಹಾಗಲ್ಲ. ಆಸಿಡ್ ಕಡಿಮೆಯಾದ ಮೇಲೆ ಗಾಯ ತಾನಾಗಿ ಮಾಯಬೇಕು, ಅದಕ್ಕೆ 4ರಿಂದ 8 ವಾರ.

ಎರಡು ವರ್ಷದ ಹಿಂದೆ ನನಗೂ ಇದೇ ಆಗಿತ್ತು, ನಿಮಗೆ ಯಾರಿಗೂ ಹೇಳಿರಲಿಲ್ಲ. ಬೆನ್ನುನೋವಿಗೆ ಐಬುಪ್ರೊಫೆನ್ ತಿಂದು ತಿಂದು. ಆಸಿಡ್ ಮಾತ್ರೆ ಶುರುಮಾಡಿದ ನಾಲ್ಕನೇ ರಾತ್ರಿ ಮೊದಲ ಸಲ ಎಚ್ಚರವಾಗದೆ ಮಲಗಿದೆ. ಎರಡನೇ ವಾರ ಉರಿ ಇಳಿಯಿತು, ಆದರೆ ಊಟವಾದ ಮೇಲೆ ಹೊಟ್ಟೆ ಭಾರ ಅನ್ನಿಸುವುದು ಹೋಗಲಿಲ್ಲ. ನಡುವೆ ಒಂದು ವಾರ ಮತ್ತೆ ಕೆಟ್ಟಿತು. ಆರನೇ ವಾರದಲ್ಲಿ ಒಂದು ದಿನ ಗಂಜಿಗೆ ಮಿಡಿ ಉಪ್ಪಿನಕಾಯಿ ನೆಕ್ಕಿಕೊಂಡು ಉಂಡೆ, ಏನೂ ಆಗಲಿಲ್ಲ, ಕಣ್ಣಲ್ಲಿ ನೀರೇ ಬಂತು.

ಅದಕ್ಕೇ ಕೇಳುತ್ತೇನೆ, ಮಂಡಿನೋವಿನ ಮಾತ್ರೆ ಈಗಲೂ ತಗೊಳ್ತಾ ಇದ್ದೀಯಾ? ನಿಜ ಹೇಳು. ಡೈಕ್ಲೊಫೆನಾಕ್ ಒಂದು ಕಡೆ ಸವೆಸುತ್ತಿದ್ದರೆ ಈ ಮಾತ್ರೆ ಎಷ್ಟೂಂತ ಕಾಯಬೇಕು? ಬೇರೆ ಮಾತ್ರೆ ಕೊಡಿ ಅಂತ ಡಾಕ್ಟರನ್ನು ಕೇಳು. ಹೊಟ್ಟೆ ಕೆಡಿಸುವ ಎಚ್ ಪೈಲೋರಿ ಬ್ಯಾಕ್ಟೀರಿಯಾದ ಟೆಸ್ಟ್ ಆಗಿದೆಯಾ ಅಂತಲೂ ಕೇಳು. ಆ ಬ್ಯಾಕ್ಟೀರಿಯಾ ಇದ್ದರೆ ಆಂಟಿಬಯೋಟಿಕ್ ಬೇಕು, ಆಸಿಡ್ ಮಾತ್ರೆಯೊಂದೇ ಸಾಲದು. ಅದನ್ನು ಕಂಡುಹಿಡಿದ ಡಾಕ್ಟರುಗಳು ಮಾರ್ಷಲ್ ಮತ್ತು ವಾರೆನ್ ಈ ಪರ್ತ್‌ನಲ್ಲೇ ಕೆಲಸ ಮಾಡುತ್ತಿದ್ದವರು, ಮಾರ್ಷಲ್ 1984ರಲ್ಲಿ ಆ ಬ್ಯಾಕ್ಟೀರಿಯಾವನ್ನು ತಾನೇ ಕುಡಿದು ಹೊಟ್ಟೆ ಕೆಡಿಸಿಕೊಂಡು ತೋರಿಸಿದರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಮಲ ಟಾರಿನ ಹಾಗೆ ಕಪ್ಪಾದರೆ, ವಾಂತಿಯಲ್ಲಿ ರಕ್ತ ಕಂಡರೆ ವಾರ ಎಣಿಸುತ್ತಾ ಕೂರಬೇಡ, ಅಪ್ಪನನ್ನು ಎಬ್ಬಿಸಿ ಆ ಹೊತ್ತಿಗೇ ಆಸ್ಪತ್ರೆಗೆ ಹೋಗು. ಎಂಟು ವಾರ ಮುಗಿದ ಮೇಲೂ ಡಾಕ್ಟರನ್ನು ಕೇಳಿಯೇ ನಿಲ್ಲಿಸು, ಒಮ್ಮೆಲೇ ಬಿಟ್ಟರೆ ಕೆಲವರಿಗೆ ಆಸಿಡ್ ಮತ್ತೆ ಜಾಸ್ತಿಯಾಗುತ್ತದೆ.

ಅಷ್ಟಮಿ ಬರುವಾಗ ನಿನಗೆ ಆರನೇ ವಾರ. ಚಂದ್ರೋದಯದವರೆಗೆ ಉಪವಾಸ ಈ ಸಲ ಬೇಡ, ನಿನ್ನ ಪಾಲಿನದ್ದು ನಾನು ಇಲ್ಲಿ ಮಾಡುತ್ತೇನೆ. ಉಂಡೆ ಚಕ್ಕುಲಿ ಮಾಡು, ತಮ್ಮನ ಹತ್ತಿರ ಫೋಟೋ ಕಳಿಸು. ನಾಳೆ ಬೆಳಿಗ್ಗೆ ಮಾತ್ರೆ ನುಂಗಿದ ಕೂಡಲೇ ನನಗೊಂದು ಮಿಸ್ಡ್ ಕಾಲ್ ಕೊಡು.

ನಿನ್ನ ಮಗಳು